ಬ್ಲಾಕ್ ಇಲ್ಲ, ಆದರೂ ಎದೆನೋವು: ಹೃದಯದ ರಕ್ತನಾಳ ಹಿಡಿದುಕೊಂಡಾಗ ಏನಾಗುತ್ತದೆ?

ಎದೆನೋವು ಅಂತ ಹೋಗಿ ಆಂಜಿಯೋಗ್ರಾಂ ಮಾಡಿಸಿಕೊಂಡ ಕೆಲವರಿಗೆ ಸಿಹಿ ಸುದ್ದಿ ಸಿಗುತ್ತದೆ. "ಎಲ್ಲೂ ಬ್ಲಾಕ್ ಇಲ್ಲ, ಧೈರ್ಯವಾಗಿರಿ." ಮನೆಯವರಿಗೂ ನೆಮ್ಮದಿ. ಆದರೆ ಕೆಲವೇ ದಿನಗಳಲ್ಲಿ ನೋವು ಮತ್ತೆ ಬರುತ್ತದೆ. ಅದೂ ನಡುರಾತ್ರಿ, ಆರಾಮವಾಗಿ ಮಲಗಿದ್ದಾಗ. ಆಸ್ಪತ್ರೆ ತಲುಪುವಷ್ಟರಲ್ಲಿ ನೋವು ಹೋಗಿರುತ್ತದೆ, ಇಸಿಜಿಯೂ ಸರಿಯಾಗೇ ಇರುತ್ತದೆ. ಆಮೇಲೆ ಗ್ಯಾಸ್ಟ್ರಿಕ್ ಮಾತ್ರೆ, ನಿದ್ದೆ ಮಾತ್ರೆ, ಜೊತೆಗೆ "ಸುಮ್ನೆ ಟೆನ್ಶನ್ ಮಾಡ್ಕೋಬೇಡಿ" ಎಂಬ ಬುದ್ಧಿಮಾತು.

ಇಂಥವರಲ್ಲಿ ಕೆಲವರಿಗೆ ಇರುವುದು ನಿಜಕ್ಕೂ ಹೃದಯದ ಕಾಯಿಲೆಯೇ. ಹೃದಯಕ್ಕೆ ರಕ್ತ ಒಯ್ಯುವ ನಾಳ ಇದ್ದಕ್ಕಿದ್ದಂತೆ ಬಿಗಿದುಕೊಳ್ಳುತ್ತದೆ. ಕೆಲವು ನಿಮಿಷ ಹಾಗೇ ಇದ್ದು ಮತ್ತೆ ಸಡಿಲಾಗುತ್ತದೆ. ವೈದ್ಯರು ಇದನ್ನು ಕರೋನರಿ ಸ್ಪಾಸಂ ಎನ್ನುತ್ತಾರೆ. ಅದರಿಂದ ಬರುವ ಎದೆನೋವಿಗೆ ವಾಸೋಸ್ಪಾಸ್ಟಿಕ್ ಆಂಜೈನಾ ಎಂದು ಹೆಸರು. ಹೆಚ್ಚಿನವರಿಗೆ ಇದು ಮಾತ್ರೆಯಿಂದ ಹತೋಟಿಗೆ ಬರುತ್ತದೆ. ಆದರೆ ನೂರರಲ್ಲಿ ಸುಮಾರು 10ರಿಂದ 20 ಮಂದಿಗೆ ಎರಡು ಬಗೆಯ ಔಷಧ ಕೊಟ್ಟರೂ ನೋವು ನಿಲ್ಲುವುದಿಲ್ಲ. ಅವರ ಕಷ್ಟ ಅರ್ಥವಾಗಬೇಕಾದರೆ ಮೊದಲು ಆ ನಾಳದ ಒಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ನಾಳ ಅಂದರೆ ಬರೀ ಕೊಳವೆ ಅಲ್ಲ

ಹೃದಯ ಇಡೀ ಮೈಗೆ ರಕ್ತ ತಳ್ಳುತ್ತದೆ. ಆದರೆ ಅದರ ಸ್ವಂತ ಸ್ನಾಯುವಿಗೂ ರಕ್ತ ಬೇಕಲ್ವಾ? ಅದನ್ನು ಕೊಡುವುದು ಹೃದಯದ ಹೊರಮೈ ಮೇಲೆ ಹರಡಿಕೊಂಡಿರುವ ಕರೋನರಿ ನಾಳಗಳು. ಇವುಗಳಲ್ಲಿ ದೊಡ್ಡವು ಕೂಡ 3-4 ಮಿಲಿಮೀಟರ್ ಅಗಲ ಅಷ್ಟೇ.

ನಾಳದ ಗೋಡೆಯಲ್ಲಿ ಪದರಗಳಿವೆ. ರಕ್ತಕ್ಕೆ ತಾಗಿಕೊಂಡಿರುವ ಒಳಪದರ ತೀರಾ ತೆಳು, ಒಂದೇ ಜೀವಕೋಶದಷ್ಟು ದಪ್ಪ. ಅದರ ಹೊರಗೆ ಸ್ನಾಯುವಿನ ಪದರ. ಈ ಸ್ನಾಯು ಬಿಗಿಯಾದರೆ ನಾಳ ಕಿರಿದಾಗುತ್ತದೆ, ಸಡಿಲಾದರೆ ಅಗಲವಾಗುತ್ತದೆ. ದಿನವಿಡೀ ಈ ಹೊಂದಾಣಿಕೆ ನಡೆಯುತ್ತಲೇ ಇರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ಸ್ಪಾಸಂ ಆದಾಗ ಈ ಸ್ನಾಯು ಅತಿಯಾಗಿ ಬಿಗಿದುಕೊಳ್ಳುತ್ತದೆ. ರಾತ್ರಿ ನಿದ್ದೆಯಲ್ಲಿ ಮೀನಖಂಡ ಹಿಡಿದುಕೊಳ್ಳುವುದು ಬಹಳ ಜನರಿಗೆ ಅನುಭವದ ಮಾತು. ಕಲ್ಲಿನಂತೆ ಗಟ್ಟಿಯಾಗುತ್ತದೆ, ಜೀವ ಹೋಗುವಷ್ಟು ನೋವು. ಬೆಳಗ್ಗೆ ಎದ್ದು ನೋಡಿದರೆ ಕಾಲಿನಲ್ಲಿ ಏನೂ ಕಾಣುವುದಿಲ್ಲ. ನಾಳದ ಸ್ನಾಯು ಬೇರೆ ಜಾತಿಯದ್ದು, ನಮ್ಮ ಇಚ್ಛೆಯಂತೆ ಆಡುವುದಲ್ಲ. ಆದರೂ ಹಿಡಿದುಕೊಂಡು ಬಿಡುವ ರೀತಿ ಹೆಚ್ಚುಕಡಿಮೆ ಹೀಗೇ. ಆಂಜಿಯೋಗ್ರಾಂ ಯಾಕೆ "ಕ್ಲಿಯರ್" ಎಂದು ಬರುತ್ತದೆ ಎಂಬುದಕ್ಕೂ ಇದೇ ಉತ್ತರ. ಪರೀಕ್ಷೆಯ ಹೊತ್ತಿಗೆ ನಾಳ ಸಡಿಲಾಗಿರುತ್ತದೆ.

ಒಂದು ಲೆಕ್ಕ ಇಲ್ಲಿ ಮುಖ್ಯ. ಕೊಳವೆಯ ಅಗಲ ಅರ್ಧವಾದರೆ ಹರಿವು ಅರ್ಧಕ್ಕೆ ನಿಲ್ಲುವುದಿಲ್ಲ. ಒತ್ತಡ ಅಷ್ಟೇ ಇದ್ದರೆ ಅದು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ನಾಳ ಸ್ವಲ್ಪ ಜಾಸ್ತಿ ಬಿಗಿದರೂ ಹೃದಯದ ಸ್ನಾಯುವಿಗೆ ಆಗುವ ಕೊರತೆ ದೊಡ್ಡದು. ರಕ್ತ ಸಾಲದ ಆ ಸ್ನಾಯು ಕೂಗಿಕೊಳ್ಳುವುದೇ ಎದೆನೋವು.

ಯಾಕೆ ಹಿಡಿದುಕೊಳ್ಳುತ್ತದೆ?

ಮೊದಲ ಕಾರಣ ಒಳಪದರದಲ್ಲಿದೆ. ಆರೋಗ್ಯವಾಗಿರುವ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸ್ವಲ್ಪಸ್ವಲ್ಪವಾಗಿ ಹೊರಬಿಡುತ್ತಿರುತ್ತದೆ. ಅದು ಪಕ್ಕದ ಸ್ನಾಯುವಿಗೆ "ಸಡಿಲಾಗು" ಎಂದು ಹೇಳುವ ಸಂದೇಶ. ಇದರ ಸುಳಿವು ಸಿಕ್ಕಿದ್ದು 1980ರಲ್ಲಿ. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದರೆ ಮೊಲದ ರಕ್ತನಾಳ ಸಡಿಲಾಗುತ್ತದೆ, ಆದರೆ ಒಳಪದರವನ್ನು ಉಜ್ಜಿ ತೆಗೆದರೆ ಅದೇ ರಾಸಾಯನಿಕಕ್ಕೆ ನಾಳ ಬಿಗಿಯುತ್ತದೆ ಎಂದು ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ತೋರಿಸಿದರು. ಸಡಿಲಿಸುವ ಆ ವಸ್ತು ನೈಟ್ರಿಕ್ ಆಕ್ಸೈಡ್ ಎಂಬುದು ಆಮೇಲೆ ಗೊತ್ತಾಯಿತು. 1998ರಲ್ಲಿ ಅವರಿಗೂ ಲೂಯಿ ಇಗ್ನಾರೊ, ಫೆರಿದ್ ಮುರಾದ್ ಅವರಿಗೂ ನೊಬೆಲ್ ಬಂತು. ಈ ಮೊಲದ ಪ್ರಯೋಗವನ್ನು ನೆನಪಿಟ್ಟುಕೊಳ್ಳಿ. ಕಾಯಿಲೆ ಪತ್ತೆ ಮಾಡುವ ಪರೀಕ್ಷೆ ನಿಂತಿರುವುದು ಇದೇ ತತ್ವದ ಮೇಲೆ.

ಎರಡನೆಯ ಕಾರಣ ಸ್ನಾಯುವಿನದ್ದೇ. ಬಿಗಿಯಬೇಕಾದರೆ ಸ್ನಾಯುಕೋಶದ ಒಳಗೆ ಕ್ಯಾಲ್ಸಿಯಂ ನುಗ್ಗಬೇಕು. ಕೆಲವರ ನಾಳದಲ್ಲಿ ರೋ-ಕೈನೇಸ್ ಎಂಬ ಕಿಣ್ವ ಹೆಚ್ಚು ಚುರುಕಾಗಿರುತ್ತದೆ. ಆಗ ಕಡಿಮೆ ಕ್ಯಾಲ್ಸಿಯಂ ಸಿಕ್ಕರೂ ಸ್ನಾಯು ಜೋರಾಗಿ ಬಿಗಿಯುತ್ತದೆ, ಬೇಗ ಬಿಡುವುದಿಲ್ಲ. ಒಂದು ಕಡೆ ಸಡಿಲಿಸುವ ಸಂದೇಶ ಕಡಿಮೆ, ಇನ್ನೊಂದು ಕಡೆ ಬಿಗಿಯುವ ಸ್ನಾಯುವಿಗೆ ಆತುರ. ಎರಡೂ ಸೇರಿದಾಗ ಒಂದು ಸಣ್ಣ ನೆಪ ಸಾಕು.

ಆ ನೆಪಗಳಲ್ಲಿ ಮೊದಲನೆಯದು ಸಿಗರೇಟು. ಚಳಿಗೆ ಮೈಯೊಡ್ಡುವುದು, ಮನಸ್ಸಿನ ಒತ್ತಡ, ಅತಿಯಾದ ಮದ್ಯ, ಕೊಕೇನ್, ಆಂಫೆಟಮಿನ್ ಕೂಡ ಸೇರುತ್ತವೆ. ಜೋರಾಗಿ, ಬೇಗಬೇಗ ಉಸಿರಾಡುವುದೂ ಒಂದು ಕಾರಣ. ಹಾಗೆ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ರಕ್ತದ ಆಮ್ಲೀಯತೆ ಕಡಿಮೆಯಾಗುತ್ತದೆ, ಕೋಶದ ಒಳಕ್ಕೆ ಕ್ಯಾಲ್ಸಿಯಂ ಸುಲಭವಾಗಿ ಸೇರುತ್ತದೆ. ಇಲ್ಲೇ ಒಂದು ದೊಡ್ಡ ಗೊಂದಲ ಹುಟ್ಟುವುದು. ಗಾಬರಿಯಾದವರು ಬೇಗಬೇಗ ಉಸಿರಾಡುತ್ತಾರೆ, ಅದು ನಾಳವನ್ನು ಬಿಗಿಸಬಹುದು. ನಾಳ ಬಿಗಿದು ನೋವಾದವರೂ ಗಾಬರಿಯಿಂದ ಬೇಗಬೇಗ ಉಸಿರಾಡುತ್ತಾರೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಗಾಬರಿ ಇದೆ ಎಂದ ಮಾತ್ರಕ್ಕೆ ಹೃದಯದಲ್ಲಿ ಏನೂ ಇಲ್ಲ ಎನ್ನುವ ಹಾಗಿಲ್ಲ.

ಇದು ಗೊತ್ತಾಗಿದ್ದು ಹೇಗೆ?

ಎದೆನೋವಿನ ಹಳೆಯ ಚಿತ್ರ ಬಿಡಿಸಿಕೊಟ್ಟವರು ಇಂಗ್ಲೆಂಡಿನ ವಿಲಿಯಂ ಹೆಬರ್ಡೆನ್, 18ನೇ ಶತಮಾನದಲ್ಲಿ. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ ಬರುವ ನೋವು, ನಿಂತರೆ ಹೋಗುತ್ತದೆ ಎಂದು ಅವರು ಬರೆದರು. ಇಂದಿಗೂ ಆಂಜೈನಾ ಎಂದರೆ ಜನರಿಗೂ ವೈದ್ಯರಿಗೂ ಮೊದಲು ನೆನಪಾಗುವುದು ಇದೇ.

1959ರಲ್ಲಿ ಅಮೆರಿಕದ ಮೈರನ್ ಪ್ರಿಂಜ್‌ಮೆಟಲ್ ಮತ್ತು ಜೊತೆಗಾರರು ಇದಕ್ಕೆ ತದ್ವಿರುದ್ಧವಾದ ರೋಗಿಗಳ ಬಗ್ಗೆ ಬರೆದರು. ಇವರಿಗೆ ನೋವು ಬರುತ್ತಿದ್ದುದು ಸುಮ್ಮನೆ ಇದ್ದಾಗ, ಹಲವರಿಗೆ ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ನೋವಿನ ವೇಳೆ ಇಸಿಜಿಯಲ್ಲಿ ಎಸ್‌ಟಿ ಎಂಬ ಭಾಗ ಮೇಲಕ್ಕೆ ಏಳುತ್ತಿತ್ತು, ದೊಡ್ಡ ಹೃದಯಾಘಾತದಲ್ಲಿ ಏಳುವ ಹಾಗೆಯೇ. ನೋವು ಹೋದ ಮೇಲೆ ಮತ್ತೆ ಸರಿಯಾಗುತ್ತಿತ್ತು. ನಾಳ ತಾತ್ಕಾಲಿಕವಾಗಿ ಬಿಗಿಯುತ್ತಿರಬೇಕು ಎಂದು ಅವರು ಊಹಿಸಿದರು. 1970ರ ದಶಕದಲ್ಲಿ ಇಟಲಿಯ ಅತ್ತಿಲಿಯೊ ಮಸೇರಿ ಮೊದಲಾದವರು ನೋವು ಬಂದಾಗಲೇ ಆಂಜಿಯೋಗ್ರಾಂ ಮಾಡಿ, ನಾಳ ಬಿಗಿಯುವುದನ್ನು ಚಿತ್ರದಲ್ಲೇ ತೋರಿಸಿದರು. ಅಲ್ಲಿಗೆ ಊಹೆ ಸಾಬೀತಾಯಿತು. ಜಪಾನಿನಲ್ಲಿ ಈ ಕಾಯಿಲೆ ಹೆಚ್ಚಾಗಿ ಕಾಣಿಸುವುದರಿಂದ ಮುಂದಿನ ಸಂಶೋಧನೆಯಲ್ಲಿ ದೊಡ್ಡ ಪಾಲು ಅಲ್ಲಿಯದೇ.

ಈ ನೋವನ್ನು ಗುರುತಿಸುವ ಬಗೆ

ಸಾಮಾನ್ಯವಾಗಿ ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ ಬರುತ್ತದೆ. ಎದೆಯ ನಡುವೆ ಅದುಮಿದ ಹಾಗೆ, ಹಿಂಡಿದ ಹಾಗೆ ಅನಿಸುತ್ತದೆ. ದವಡೆ, ಭುಜ, ತೋಳಿಗೆ ಹರಡಬಹುದು. ಜೊತೆಗೆ ತಣ್ಣನೆಯ ಬೆವರು, ವಾಕರಿಕೆ ಇರಬಹುದು. ಕೆಲವು ನಿಮಿಷದಿಂದ ಕಾಲು ಗಂಟೆವರೆಗೆ ಇದ್ದು ಹೋಗುತ್ತದೆ. ನಾಲಿಗೆ ಕೆಳಗೆ ಇಡುವ ನೈಟ್ರೇಟ್ ಮಾತ್ರೆಗೆ ಬೇಗ ತಗ್ಗುತ್ತದೆ.

ವಿಚಿತ್ರ ಎನಿಸುವ ಇನ್ನೊಂದು ಲಕ್ಷಣವಿದೆ. ಬೆಳಗ್ಗೆ ನಾಲ್ಕು ಹೆಜ್ಜೆ ಹಾಕಿದರೂ ನೋವು ಬರುವ ಕೆಲವರು ಮಧ್ಯಾಹ್ನ ಮಹಡಿ ಹತ್ತಿದರೂ ಆರಾಮಾಗಿರುತ್ತಾರೆ. ಇದನ್ನು ಕೇಳಿದವರು ನಾಟಕ ಅಂದುಕೊಳ್ಳುವುದುಂಟು. ನಾಳದ ಬಿಗಿತವೇ ದಿನದ ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ, ಬೆಳಗ್ಗೆ ಜಾಸ್ತಿ, ಮಧ್ಯಾಹ್ನ ಕಡಿಮೆ. ಮೈಗ್ರೇನ್ ಇರುವವರಲ್ಲಿ, ಚಳಿಗೆ ಬೆರಳು ಬಿಳುಚಿಕೊಳ್ಳುವ ರೇನಾಡ್ ತೊಂದರೆ ಇರುವವರಲ್ಲೂ ಈ ಸ್ಪಾಸಂ ಜೊತೆಯಾಗಿ ಕಾಣಿಸುವುದುಂಟು.

ಅಪಾಯ ಬರೀ ನೋವಿನದ್ದಲ್ಲ. ಬಿಗಿತ ಹೆಚ್ಚು ಹೊತ್ತು ಉಳಿದರೆ ಬ್ಲಾಕ್ ಇಲ್ಲದೆಯೂ ಹೃದಯಾಘಾತ ಆಗಬಹುದು. ಬಿಗಿತದ ವೇಳೆ ಹೃದಯದ ಬಡಿತ ತಾಳ ತಪ್ಪಿ, ಪ್ರಜ್ಞೆ ತಪ್ಪಬಹುದು, ಅಪರೂಪಕ್ಕೆ ಹೃದಯವೇ ನಿಲ್ಲಬಹುದು. ಆದ್ದರಿಂದ ಎದೆನೋವಿನ ಜೊತೆ ಕಣ್ಣು ಕತ್ತಲೆ ಬಂದಿದ್ದರೆ ಆ ಮಾತನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಪತ್ತೆ ಮಾಡುವುದು

ಅತ್ಯಂತ ಬೆಲೆಯುಳ್ಳ ಸಾಕ್ಷಿ ಎಂದರೆ ನೋವು ಇರುವಾಗಲೇ ತೆಗೆದ ಇಸಿಜಿ. ಅದು ಸಿಗುವುದು ಕಷ್ಟ. ಹಾಗಾಗಿ 24 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಮೈಗೆ ಅಂಟಿಸಿಕೊಂಡಿರುವ ಹೋಲ್ಟರ್ ಯಂತ್ರ ಬಳಸುತ್ತಾರೆ.

ಅದರಲ್ಲೂ ಗೊತ್ತಾಗದಿದ್ದರೆ ಬಿಗಿತವನ್ನು ಬೇಕೆಂದೇ ತರಿಸಿ ನೋಡುವ ಪರೀಕ್ಷೆ ಇದೆ. ಆಂಜಿಯೋಗ್ರಾಂ ಮಾಡುವಾಗಲೇ ಕರೋನರಿ ನಾಳಕ್ಕೆ ಸಣ್ಣ ಪ್ರಮಾಣದ ಅಸಿಟೈಲ್‌ಕೋಲಿನ್ ಬಿಡುತ್ತಾರೆ. ಒಳಪದರ ಚೆನ್ನಾಗಿದ್ದರೆ ನಾಳಕ್ಕೆ ತೊಂದರೆಯಾಗುವುದಿಲ್ಲ. ಕೆಟ್ಟಿದ್ದರೆ, ಮೊಲದ ನಾಳದಂತೆ, ಬಿಗಿಯುತ್ತದೆ. 2017ರಲ್ಲಿ ಕೋವಾಡಿಸ್ ಎಂಬ ಅಂತರರಾಷ್ಟ್ರೀಯ ತಜ್ಞರ ಗುಂಪು ಇದಕ್ಕೆ ಸ್ಪಷ್ಟ ಅಳತೆ ಹಾಕಿಕೊಟ್ಟಿತು. ನಾಳ ಶೇ. 90ಕ್ಕಿಂತ ಹೆಚ್ಚು ಕಿರಿದಾಗಬೇಕು, ಅದೇ ಹೊತ್ತಿಗೆ ರೋಗಿಗೆ ನೋವು ಬರಬೇಕು, ಇಸಿಜಿಯೂ ಬದಲಾಗಬೇಕು. ಕೆಲವರಲ್ಲಿ ದೊಡ್ಡ ನಾಳ ಬಿಗಿಯುವುದಿಲ್ಲ, ಆದರೆ ನೋವು ಮತ್ತು ಇಸಿಜಿ ಬದಲಾವಣೆ ಎರಡೂ ಬರುತ್ತವೆ. ಆಗ ಬಿಗಿಯುತ್ತಿರುವುದು ಆಂಜಿಯೋಗ್ರಾಂನಲ್ಲಿ ಕಾಣದಷ್ಟು ಸಣ್ಣ ನಾಳಗಳು.

ನುರಿತವರ ಕೈಯಲ್ಲಿ ಈ ಪರೀಕ್ಷೆಯ ಅಪಾಯ ಕಡಿಮೆ. ಎಲ್ಲ ಕಡೆ ಮಾಡುವುದಿಲ್ಲ ಎಂಬುದೇ ದೊಡ್ಡ ತೊಡಕು. ಪರೀಕ್ಷೆ ಮಾಡಿಸಿದರೆ ಉಪಯೋಗ ಇದೆಯಾ? ಇದೆ. ಸ್ಕಾಟ್ಲೆಂಡಿನಲ್ಲಿ 151 ಮಂದಿ ಮೇಲೆ ನಡೆದ ಕೋರ್‌ಮಿಕಾ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅವರೆಲ್ಲ ಎದೆನೋವಿದ್ದೂ ದೊಡ್ಡ ಬ್ಲಾಕ್ ಇಲ್ಲದವರು. ನಾಳದ ವರ್ತನೆ ಪರೀಕ್ಷಿಸಿ, ಅದಕ್ಕೆ ತಕ್ಕ ಔಷಧ ಕೊಟ್ಟವರಿಗೆ 6 ತಿಂಗಳಲ್ಲಿ ನೋವು ಉಳಿದವರಿಗಿಂತ ಜಾಸ್ತಿ ತಗ್ಗಿತ್ತು, ಬದುಕೂ ಸುಧಾರಿಸಿತ್ತು.

ಮೊದಲ ಹಂತದ ಚಿಕಿತ್ಸೆ

ಬೆನ್ನೆಲುಬು ಎಂದರೆ ಕ್ಯಾಲ್ಸಿಯಂ ತಡೆಯುವ ಮಾತ್ರೆಗಳು. ಡಿಲ್ಟಿಯಾಜೆಮ್, ವೆರಪಮಿಲ್, ನಿಫೆಡಿಪಿನ್, ಆಮ್ಲೊಡಿಪಿನ್ ಈ ಗುಂಪಿನವು. ಸ್ನಾಯುಕೋಶಕ್ಕೆ ಕ್ಯಾಲ್ಸಿಯಂ ನುಗ್ಗುವುದನ್ನು ತಗ್ಗಿಸುತ್ತವೆ. ಊಟದಲ್ಲಿರುವ ಕ್ಯಾಲ್ಸಿಯಂಗೂ ಇದಕ್ಕೂ ಸಂಬಂಧವಿಲ್ಲ. ಇವು ಸಾಲದಿದ್ದರೆ ಹೆಚ್ಚು ಹೊತ್ತು ಕೆಲಸ ಮಾಡುವ ನೈಟ್ರೇಟ್ ಸೇರಿಸುತ್ತಾರೆ. ನೈಟ್ರೇಟ್ ಮೈಯೊಳಗೆ ಹೋಗಿ ನೈಟ್ರಿಕ್ ಆಕ್ಸೈಡ್ ಕೊಡುತ್ತದೆ. ಒಳಪದರ ಮಾಡದ ಕೆಲಸವನ್ನು ಔಷಧ ಮಾಡಿತು ಎಂದಾಯಿತು.

ಜೊತೆಗೆ ಸಿಗರೇಟು ಬಿಡಲೇಬೇಕು. ಇದನ್ನು ಉಪದೇಶ ಎಂದುಕೊಳ್ಳಬಾರದು, ಇದು ಔಷಧದಷ್ಟೇ ತೂಕದ ಚಿಕಿತ್ಸೆ.

ಔಷಧಕ್ಕೂ ಬಗ್ಗದಿದ್ದರೆ?

ನಾಳ ಸಡಿಲಿಸುವ ಎರಡು ಬಗೆಯ ಔಷಧಗಳನ್ನು ಸಾಕಷ್ಟು ಪ್ರಮಾಣದಲ್ಲಿ ಕೊಟ್ಟರೂ ನೋವು ಬರುತ್ತಿದ್ದರೆ ಅದನ್ನು ಔಷಧಕ್ಕೆ ಬಗ್ಗದ ಸ್ಪಾಸಂ ಎನ್ನುತ್ತಾರೆ. ಇಲ್ಲಿ "ಸಾಕಷ್ಟು" ಎಂಬ ಮಾತಿಗೆ ಬಹಳ ತೂಕವಿದೆ. ಬಗ್ಗದ ನೋವು ಎಂದು ಹೆಸರಿಡುವ ಮೊದಲು ಕೇಳಲೇಬೇಕಾದ ಪ್ರಶ್ನೆಗಳಿವೆ. ಎಷ್ಟೋ ಸಲ ಪರಿಹಾರ ಅಲ್ಲೇ ಸಿಗುತ್ತದೆ.

ಮಾತ್ರೆ ಯಾವ ಹೊತ್ತಿಗೆ? ನೋವು ಬೆಳಗಿನ ಜಾವ 4 ಗಂಟೆಗೆ ಬರುತ್ತದೆ, ಮಾತ್ರೆ ಬೆಳಗ್ಗೆ ತಿಂಡಿಯಾದ ಮೇಲೆ ನುಂಗುತ್ತಾರೆ. ಅದು ಕಡಿಮೆ ಹೊತ್ತು ಕೆಲಸ ಮಾಡುವ ಮಾತ್ರೆಯಾದರೆ ಬೇಕಾದ ಸಮಯಕ್ಕೆ ಅದರ ಬಲವೇ ಇಳಿದಿರುತ್ತದೆ. ಮಲಗುವ ಮುಂಚೆ ತೆಗೆದುಕೊಳ್ಳುವ ಹಾಗೆ ವೈದ್ಯರು ಬದಲಿಸಿದರೆ ಕೆಲವರಿಗೆ ಅಷ್ಟಕ್ಕೇ ವ್ಯತ್ಯಾಸ ಕಾಣುತ್ತದೆ. ನೈಟ್ರೇಟ್‌ದು ಇನ್ನೊಂದು ಕಥೆ. ದಿನವಿಡೀ ಬಿಡುವಿಲ್ಲದೆ ಕೊಟ್ಟರೆ ಮೈ ಅದಕ್ಕೆ ಒಗ್ಗಿಕೊಂಡು ಔಷಧ ಮೊಂಡಾಗುತ್ತದೆ. ಅದಕ್ಕಾಗಿ ದಿನದಲ್ಲಿ ಸುಮಾರು 10ರಿಂದ 14 ಗಂಟೆ ಬಿಡುವು ಇಡುತ್ತಾರೆ. ಆ ಬಿಡುವು ನೋವು ಬರುವ ಹೊತ್ತಿನ ಮೇಲೇ ಬೀಳಬಾರದು.

ಬೇರೆ ಯಾವ ಔಷಧ ನಡೆಯುತ್ತಿದೆ? ಬಿಪಿಗೆ, ಎದೆ ಬಡಿತಕ್ಕೆ, ಕೈ ನಡುಕಕ್ಕೆ ಕೊಡುವ ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆಗಳು ಸ್ಪಾಸಂ ಹೆಚ್ಚಿಸಬಹುದು. ಬ್ಲಾಕ್‌ನಿಂದ ಬರುವ ಎದೆನೋವಿಗೆ ಬೀಟಾ ಬ್ಲಾಕರ್ ಒಳ್ಳೆಯ ಔಷಧ, ಹಾಗಾಗಿ ಅಭ್ಯಾಸಬಲದಿಂದ ಇಲ್ಲೂ ಕೊಡುವುದುಂಟು. ಮೈಗ್ರೇನಿಗೆ ಕೊಡುವ ಟ್ರಿಪ್ಟಾನ್ ಮತ್ತು ಎರ್ಗಟ್ ಮಾತ್ರೆಗಳು, ಮೂಗು ಕಟ್ಟಿದಾಗ ತೆಗೆದುಕೊಳ್ಳುವ ಸೂಡೋಎಫೆಡ್ರಿನ್, ಕ್ಯಾನ್ಸರಿಗೆ ಕೊಡುವ ಫ್ಲೋರೋಯುರಾಸಿಲ್ ಮತ್ತು ಕ್ಯಾಪಿಸಿಟಾಬಿನ್ ಕೂಡ ನಾಳ ಬಿಗಿಸಬಲ್ಲವು. ಹೃದಯದ ವೈದ್ಯರಿಗೆ ಮೈಗ್ರೇನ್ ಮಾತ್ರೆಯ ಸುದ್ದಿ ಯಾಕೆ ಅಂತ ಸುಮ್ಮನಿರಬೇಡಿ. ಎಲ್ಲ ಮಾತ್ರೆಗಳ ಪಟ್ಟಿ ತೋರಿಸಿ. ಆದರೆ ಯಾವುದನ್ನೂ ನೀವೇ ನಿಲ್ಲಿಸಬೇಡಿ.

ಒಳಗೆ ಬೇರೆ ಕಾಯಿಲೆ ಇದೆಯಾ? ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದ್ದರೆ ಸ್ಪಾಸಂ ಬರಬಹುದು. ಥೈರಾಯ್ಡ್ ಸರಿಪಡಿಸಿದರೆ ನೋವೂ ನಿಲ್ಲಬಹುದು. ರಕ್ತದಲ್ಲಿ ಮೆಗ್ನೀಸಿಯಂ ಕಡಿಮೆಯಿರುವುದು ಇನ್ನೊಂದು ಕಾರಣ. ಅಲರ್ಜಿಯೂ ಕಾರಣವಾಗಬಹುದು. ಅಲರ್ಜಿಯಾದಾಗ ಹೊರಬರುವ ಹಿಸ್ಟಮಿನ್‌ನಂಥ ವಸ್ತುಗಳು ಕರೋನರಿ ನಾಳವನ್ನೂ ಬಿಗಿಸಬಲ್ಲವು. 1991ರಲ್ಲಿ ಇದನ್ನು ವಿವರಿಸಿದ ಗ್ರೀಸ್‌ನ ನಿಕೊಲಾಸ್ ಕೂನಿಸ್ ಅವರ ಹೆಸರಿನಲ್ಲೇ ಇದನ್ನು ಕೂನಿಸ್ ಸಿಂಡ್ರೋಮ್ ಎನ್ನುತ್ತಾರೆ.

ಕೊನೆಯದಾಗಿ, ಈ ನೋವು ನಿಜಕ್ಕೂ ಸ್ಪಾಸಮ್ಮಿನದೇ? ಅನ್ನನಾಳವೂ ಹೀಗೇ ಹಿಡಿದುಕೊಳ್ಳಬಲ್ಲದು. ಆ ನೋವೂ ಎದೆಯ ನಡುವೆಯೇ ಬರುತ್ತದೆ, ನೈಟ್ರೇಟ್‌ಗೂ ತಗ್ಗುತ್ತದೆ. "ಮಾತ್ರೆ ಇಟ್ಟ ಕೂಡಲೇ ಕಡಿಮೆಯಾಯಿತು" ಎಂಬುದೊಂದೇ ಹೃದಯದ ನೋವಿಗೆ ಪುರಾವೆಯಲ್ಲ. ಸ್ಪಾಸಂ ಜೊತೆ ಸಣ್ಣ ನಾಳಗಳ ತೊಂದರೆಯೂ ಸೇರಿಕೊಂಡಿದ್ದರೆ ಅರ್ಧ ನೋವು ಹೋಗಿ ಅರ್ಧ ಉಳಿಯುತ್ತದೆ.

ಇಷ್ಟೆಲ್ಲ ನೋಡಿಯೂ ನೋವು ಉಳಿದರೆ ಮುಂದಿನ ದಾರಿಗಳಿವೆ. ಕ್ಯಾಲ್ಸಿಯಂ ತಡೆಯುವ ಮಾತ್ರೆಗಳಲ್ಲೇ ಎರಡು ಪಂಗಡಗಳಿವೆ. ಒಂದರಿಂದ ಡಿಲ್ಟಿಯಾಜೆಮ್, ಇನ್ನೊಂದರಿಂದ ನಿಫೆಡಿಪಿನ್ ಅಥವಾ ಆಮ್ಲೊಡಿಪಿನ್, ಹೀಗೆ ಜೋಡಿಸಿ ಕೊಡುತ್ತಾರೆ. ಇದು ಬಿಪಿ ಮತ್ತು ನಾಡಿ ಗಮನಿಸುತ್ತ ಮಾಡಬೇಕಾದ ಕೆಲಸ. ನಿಕೊರಾಂಡಿಲ್ ಇನ್ನೊಂದು ದಾರಿ. ಅದು ಸ್ನಾಯುಕೋಶದ ಪೊಟ್ಯಾಸಿಯಂ ಬಾಗಿಲು ತೆರೆದು, ಜೊತೆಗೆ ನೈಟ್ರೇಟ್‌ನಂತೆಯೂ ನಾಳ ಸಡಿಲಿಸುತ್ತದೆ. ಆದರೆ ಔಷಧ ಹೆಚ್ಚಿದಷ್ಟೂ ಒಳ್ಳೆಯದು ಎನ್ನುವ ಹಾಗಿಲ್ಲ. ಜಪಾನಿನಲ್ಲಿ ರೋಗಿಗಳ ದಾಖಲೆ ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೀರ್ಘಕಾಲ ನೈಟ್ರೇಟ್ ಸೇರಿಸಿದ್ದರಿಂದ ಮುಂದಿನ ಹೃದಯದ ತೊಂದರೆಗಳು ಕಡಿಮೆಯಾಗಲಿಲ್ಲ. ನೈಟ್ರೇಟ್ ಮತ್ತು ನಿಕೊರಾಂಡಿಲ್ ಎರಡೂ ತೆಗೆದುಕೊಂಡವರಲ್ಲಿ ತೊಂದರೆ ಹೆಚ್ಚೇ ಕಂಡಿತು.

ಕೊಲೆಸ್ಟರಾಲ್‌ಗೆ ಕೊಡುವ ಸ್ಟಾಟಿನ್ ಒಳಪದರಕ್ಕೂ ಒಳ್ಳೆಯದು. ಕ್ಯಾಲ್ಸಿಯಂ ತಡೆಯುವ ಮಾತ್ರೆ ಜೊತೆ ಫ್ಲುವಾಸ್ಟಾಟಿನ್ ಸೇರಿಸಿದಾಗ ಸ್ಪಾಸಂ ತಗ್ಗಿದ್ದನ್ನು ಜಪಾನಿನ ಅಧ್ಯಯನ ತೋರಿಸಿದೆ. ಆಮ್ಲೊಡಿಪಿನ್‌ಗೆ ಬಗ್ಗದ ನೋವಿನಲ್ಲಿ, ರಕ್ತ ಹೆಪ್ಪುಗಟ್ಟುವುದನ್ನು ತಗ್ಗಿಸಿ ನಾಳವನ್ನೂ ಸಡಿಲಿಸುವ ಸಿಲೊಸ್ಟಜಾಲ್ ಎಂಬ ಔಷಧ ಉಪಯೋಗಕ್ಕೆ ಬಂದಿದ್ದನ್ನು ಕೊರಿಯಾದ ಅಧ್ಯಯನ ತೋರಿಸಿದೆ. ರೋ-ಕೈನೇಸ್ ಕಿಣ್ವವನ್ನೇ ತಡೆಯುವ ಫಾಸುಡಿಲ್ ಎಂಬ ಔಷಧವೂ ಇದೆ. ಅಲರ್ಜಿ ಅಥವಾ ಅಸ್ತಮಾ ಜೊತೆಗಿರುವ ಕೆಲವರಿಗೆ ಸ್ಟೀರಾಯ್ಡ್‌ನಿಂದ ನೋವು ನಿಂತ ಉದಾಹರಣೆಗಳಿವೆ. ತೀರಾ ಕೈಮೀರಿದಾಗ ನಾಳ ಬಿಗಿಸುವ ಸಿಂಪಥೆಟಿಕ್ ನರಗಳನ್ನು ಶಸ್ತ್ರಚಿಕಿತ್ಸೆಯಿಂದ ಕತ್ತರಿಸಿದ್ದೂ ಉಂಟು. ಈ ಕೊನೆಯ ದಾರಿಗಳಿಗೆ ಇರುವ ಆಧಾರ ಕೆಲವೇ ರೋಗಿಗಳ ಅನುಭವ. ಹಾಗಾಗಿ ಅನುಭವಿ ತಜ್ಞರಿರುವ ಕಡೆಯೇ ಇವು ಸರಿ.

ಸ್ಟೆಂಟ್ ಹಾಕಿಬಿಟ್ಟರೆ ಆಗುವುದಿಲ್ವಾ?

ಬಹಳ ಮಂದಿ ಕೇಳುವ ಪ್ರಶ್ನೆ. ನಾಳ ತೆರೆದಿಡಲು ಒಳಗೆ ಕೂರಿಸುವ ಲೋಹದ ಜಾಲರಿಯೇ ಸ್ಟೆಂಟ್. ಅದು ಇರುವ ಜಾಗ ಬಿಗಿಯುವುದಿಲ್ಲ, ನಿಜ. ಆದರೆ ಕಾಯಿಲೆ ಇರುವುದು ಒಂದೇ ಜಾಗದಲ್ಲಲ್ಲ. ಅದರ ಆಚೆ ಈಚೆ, ಅಥವಾ ಬೇರೆ ನಾಳದಲ್ಲೇ ಬಿಗಿತ ಬರಬಹುದು. ಗಟ್ಟಿ ಬ್ಲಾಕ್ ಇದ್ದು ಅದೇ ಜಾಗದಲ್ಲಿ ಸ್ಪಾಸಂ ಆಗುವವರಿಗೆ ಸ್ಟೆಂಟ್ ನೆರವಾಗಬಹುದು. ಆಮೇಲೂ ಮಾತ್ರೆ ಮುಂದುವರಿಯಲೇಬೇಕು.

ಸ್ಪಾಸಮ್ಮಿನಿಂದ ಹೃದಯ ನಿಂತು ಬದುಕುಳಿದವರಿಗೆ ಐಸಿಡಿ ಎಂಬ ಸಣ್ಣ ಯಂತ್ರವನ್ನು ಮೈಯೊಳಗೆ ಕೂರಿಸುವ ಬಗ್ಗೆ ವೈದ್ಯರು ಯೋಚಿಸುತ್ತಾರೆ. ಬಡಿತ ಅಪಾಯಕಾರಿಯಾಗಿ ತಪ್ಪಿದರೆ ಅದು ವಿದ್ಯುತ್ ಕೊಟ್ಟು ಸರಿಪಡಿಸುತ್ತದೆ. ಬಿಗಿತವನ್ನು ಮಾತ್ರ ತಡೆಯುವುದಿಲ್ಲ.

ಜೊತೆಗಿಟ್ಟುಕೊಳ್ಳಬೇಕಾದ ಎಚ್ಚರ

ನೋವು ಬಂದ ಗಂಟೆ, ಎಷ್ಟು ಹೊತ್ತು ಇತ್ತು, ಆಗ ಏನು ಮಾಡುತ್ತಿದ್ದಿರಿ, ಮಾತ್ರೆಗೆ ಎಷ್ಟು ನಿಮಿಷದಲ್ಲಿ ತಗ್ಗಿತು ಎಂದು ಬರೆದಿಡಿ. ಔಷಧದ ಸಮಯ ಬದಲಿಸಲು ವೈದ್ಯರಿಗೆ ಇದಕ್ಕಿಂತ ಒಳ್ಳೆಯ ಆಧಾರ ಇಲ್ಲ.

ನೋವು ನಿಂತಿತು ಎಂದು ಕ್ಯಾಲ್ಸಿಯಂ ತಡೆಯುವ ಮಾತ್ರೆಯನ್ನು ಒಮ್ಮೆಲೇ ಬಿಡಬೇಡಿ. ಸ್ಪಾಸಂ ಮೊದಲಿಗಿಂತ ಜೋರಾಗಿ ಮರಳಬಹುದು. ಮಾತ್ರೆ ಖಾಲಿಯಾಗುವ ಮೊದಲೇ ತಂದಿಟ್ಟುಕೊಳ್ಳಿ. ನೈಟ್ರೇಟ್ ಅಥವಾ ನಿಕೊರಾಂಡಿಲ್ ತೆಗೆದುಕೊಳ್ಳುವವರು, ಗಂಡಸರ ನಿಮಿರುವಿಕೆಯ ತೊಂದರೆಗೆ ಕೊಡುವ ಸಿಲ್ಡೆನಾಫಿಲ್‌ನಂಥ ಮಾತ್ರೆಗಳನ್ನು ಮುಟ್ಟಲೇಬಾರದು. ಬಿಪಿ ಪಾತಾಳಕ್ಕೆ ಇಳಿದು ಜೀವಕ್ಕೆ ಅಪಾಯವಾಗಬಹುದು. ನಾಲಿಗೆ ಕೆಳಗಿನ ಮಾತ್ರೆಯನ್ನು ಕೂತುಕೊಂಡೇ ಇಟ್ಟುಕೊಳ್ಳಿ, ತಲೆ ಸುತ್ತಿ ಬೀಳುವ ಸಂಭವ ಇರುತ್ತದೆ.

ಮಾತ್ರೆ ಇಟ್ಟ 5 ನಿಮಿಷದಲ್ಲಿ ನೋವು ತಗ್ಗದಿದ್ದರೆ, ಎಂದಿಗಿಂತ ಬೇರೆ ಥರ ಅನಿಸಿದರೆ, ಬೆವರು, ಉಸಿರುಕಟ್ಟು, ಕಣ್ಣು ಕತ್ತಲೆ ಜೊತೆಯಾದರೆ ಕಾಯದೆ ಆಂಬುಲೆನ್ಸ್ ಕರೆಯಬೇಕು. ಹೋದ ಕೂಡಲೇ "ನನಗೆ ಕರೋನರಿ ಸ್ಪಾಸಂ ಇದೆ, ನೋವು ಇರುವಾಗಲೇ ಇಸಿಜಿ ತೆಗೆಯಿರಿ" ಎಂದು ಹೇಳಿ. ಹಳೆಯ ಆಂಜಿಯೋಗ್ರಾಂ ಚೆನ್ನಾಗಿತ್ತು ಎಂಬ ಕಾರಣಕ್ಕೆ ಮನೆಯಲ್ಲೇ ಕೂರಬೇಡಿ.